ಹಿತ್ತಲ ಕೊಟ್ಟಿಗೆ: ಒಳಗೂ ಹೊರಗೂ ಹಸನು

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯ ದಂಡೆ ಮತ್ತು ಕೆಲವು ಕೆರೆ ಕಾಲುವೆಗಳ ಕೆಳಗಿನ ಜಮೀನು ಬಿಟ್ಟರೆ ಈ ಐದು ತಾಲ್ಲೂಕುಗಳ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ್ದು. ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಜೋಳ, ಮೆಕ್ಕೆಜೋಳ, ಸಜ್ಜೆ, ಶೇಂಗಾ, ಸೂರ್ಯಕಾಂತಿ, ತೊಗರಿ, ಈರುಳ್ಳಿ ಇಲ್ಲಿಯ ಬೆಳೆಗಳು.

ಇಂಥ ನೆಲದಲ್ಲಿ ಒಂದು ವರ್ಷ ಬೆಳೆ ಕೈಕೊಟ್ಟರೆ ಮನೆತನವನ್ನು ಹಿಡಿದು ನಿಲ್ಲಿಸುವುದು ಹಿತ್ತಲಲ್ಲಿ ಕಟ್ಟಿದ ಎರಡು ದನ, ಹತ್ತು ಕುರಿ ಮತ್ತು ಮುಂದಿನ ಬಿತ್ತನೆಗೆ ತೆಗೆದಿಟ್ಟ ಬೀಜ. ಈ ಮೂರೂ ಇರುವುದು ಕೊಟ್ಟಿಗೆಯಲ್ಲಿ. ಹೊಲಕ್ಕೆ ಬೀಜ, ಗೊಬ್ಬರ, ಔಷಧಿ ಎಂದು ಸಾಲ ತಂದಾದರೂ ಖರ್ಚು ಮಾಡುವ ರೈತರು ಕೊಟ್ಟಿಗೆಯನ್ನು ಮಾತ್ರ ಅಜ್ಜನ ಕಾಲದಲ್ಲಿ ಇದ್ದಂತೆಯೇ ಬಿಟ್ಟಿರುತ್ತಾರೆ. ಹಬ್ಬ ಬಂದರೆ ಹೊರಗೋಡೆಗೆ ಸುಣ್ಣ ಹಚ್ಚಿ, ಬಾಗಿಲಿಗೆ ಕೆಮ್ಮಣ್ಣು ಬಳಿದು ಕೈ ತೊಳೆದುಕೊಳ್ಳುವುದೂ ಉಂಟು. ಒಳಗೆ ನೆಲ ಕೆಸರು, ಗೋಡೆ ಬಿರುಕು, ಮೂಲೆಯಲ್ಲಿ ಔಷಧಿ ಡಬ್ಬಿ, ಅದರ ಪಕ್ಕದಲ್ಲೇ ಹಿಂಡಿ ಚೀಲ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಕೊಟ್ಟಿಗೆಗೆ ಚೆನ್ನಾಗಿ ಒಪ್ಪುತ್ತದೆ. ಕೊಟ್ಟಿಗೆಯನ್ನು ಹಸನು ಮಾಡುವುದೆಂದರೆ ಏನು, ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಹಣ ಬೇಕು, ಯಾವುದಕ್ಕೆ ಮೈಮುರಿದು ದುಡಿದರೆ ಸಾಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಲ ಯಾವುದು?

ಈ ಕೆಲಸಕ್ಕೆ ತಕ್ಕ ಕಾಲ ಸುಗ್ಗಿ ಮುಗಿದ ಮೇಲೆ, ಮುಂಗಾರು ಹತ್ತುವ ಮೊದಲು. ಮೈಲಾರದ ಜಾತ್ರೆ, ಕೊಟ್ಟೂರಿನ ತೇರು ಮುಗಿಯುವ ಹೊತ್ತಿಗೆ ಕಣದ ಕೆಲಸ ಬಹುಮಟ್ಟಿಗೆ ತೀರಿರುತ್ತದೆ. ಅಲ್ಲಿಂದ ಮೇ ತಿಂಗಳ ಕೊನೆಯ ರೋಹಿಣಿ ಮಳೆಯವರೆಗೆ ಹತ್ತು ಹನ್ನೆರಡು ವಾರಗಳ ಬಿಡುವು ದೊರೆಯುತ್ತದೆ. ಉಗಾದಿಗೆ ಮನೆಗೆ ಸುಣ್ಣ ಬಳಿಯುವ ಪದ್ಧತಿ ಎಲ್ಲ ಹಳ್ಳಿಗಳಲ್ಲಿಯೂ ಇದೆ. ಅದೇ ಸುಣ್ಣ, ಅದೇ ಆಳು ಕೊಟ್ಟಿಗೆಗೂ ಒದಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೀಸುವ ಬಿರುಗಾಳಿ ತಗಡಿನ ಚಾವಣಿಗಳನ್ನು ಕಿತ್ತೊಗೆಯುವುದು ಎಲ್ಲರೂ ಕಂಡ ವಿಷಯ. ಆದ್ದರಿಂದ ಚಾವಣಿಯ ಕೆಲಸ ಉಗಾದಿಗೆ ಮೊದಲೇ ಮುಗಿಯುವುದು ಒಳ್ಳೆಯದು.

ಮೊದಲು ಬರಿದು ಮಾಡಿ ನೋಡುವುದು

ಕೊಟ್ಟಿಗೆಯಲ್ಲಿ ಏನಿದೆ ಎಂಬುದು ಮನೆಯ ಯಜಮಾನನಿಗೂ ಪೂರ್ತಿ ತಿಳಿದಿರುವುದಿಲ್ಲ. ಒಂದು ಒಣ ದಿನ ಬೆಳಿಗ್ಗೆ ದನಗಳನ್ನು ಮರದ ನೆರಳಿಗೆ ಕಟ್ಟಿ, ಒಳಗಿನ ಎಲ್ಲ ಸಾಮಾನನ್ನೂ ಅಂಗಳಕ್ಕೆ ತರಬೇಕು. ಮುರಿದ ನೊಗ, ತುಂಡು ಹಗ್ಗ, ಹರಿದ ಹನಿ ನೀರಾವರಿ ಪೈಪು, ಖಾಲಿ ಗೊಬ್ಬರದ ಚೀಲ, ಸವೆದ ಕುಂಟೆ ಕುಡ, ಯಾವ ಕಾಲದ್ದೋ ತಿಳಿಯದ ಔಷಧಿ ಬಾಟಲಿ ಎಲ್ಲವೂ ಹೊರಗೆ ಬರಲಿ.

ಹೊರಗೆ ಬಂದುದನ್ನು ಮೂರು ಗುಂಪು ಮಾಡಬೇಕು. ಬಳಸುವಂಥವು ಒಂದು. ದುರಸ್ತಿ ಮಾಡಿದರೆ ಬಳಕೆಗೆ ಬರುವಂಥವು ಎರಡು. ಗುಜರಿಗೆ ಹೋಗುವಂಥವು ಮೂರು. ಮೂರನೆಯ ಗುಂಪನ್ನು ಮತ್ತೆ ಒಳಗೆ ಸೇರಿಸಬಾರದು. ಇಲಿ, ಹೆಗ್ಗಣ, ಚೇಳು ಮನೆ ಮಾಡುವುದು ಇಂಥ ರಾಶಿಯ ಕೆಳಗೆ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಕತ್ತಲಲ್ಲಿ ಮೇವಿಗೆ ಕೈ ಹಾಕಿದವರಿಗೆ ಹಾವು ಕಚ್ಚಿದ ಪ್ರಸಂಗಗಳು ಪ್ರತಿ ಊರಿನಲ್ಲಿಯೂ ಕೇಳಿಬರುತ್ತವೆ. ಸಾಮಾನು ತೆಗೆಯುವಾಗ ಕೋಲಿನಿಂದ ಸರಿಸಿ ನೋಡಿ ಅನಂತರ ಕೈ ಹಾಕುವುದು, ಕಾಲಿಗೆ ಬೂಟು ಅಥವಾ ಗಟ್ಟಿ ಚಪ್ಪಲಿ ಹಾಕುವುದು ಅವಶ್ಯಕ. ಒಂದು ವೇಳೆ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬರಿದಾದ ಕೊಟ್ಟಿಗೆಯಲ್ಲಿ ನಿಂತು ಮೇಲೆ, ಸುತ್ತ, ಕೆಳಗೆ ನೋಡಿದರೆ ರೋಗದ ಮೂಲಗಳೆಲ್ಲ ಕಣ್ಣಿಗೆ ಬೀಳುತ್ತವೆ. ಬೆಳಕು ತೂರಿಬರುವ ತಗಡಿನ ತೂತು, ಗೆದ್ದಲು ತಿಂದ ಕಂಬ, ಇಲಿ ತೋಡಿದ ಬಿಲ, ಗಂಜಲ ನಿಂತು ಕಪ್ಪಾದ ನೆಲ ಇವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಕೆಲಸಕ್ಕೆ ಅನುಕೂಲ.

ಜಾಗ ಎಷ್ಟು ಬೇಕು?

ದನಕ್ಕೆ ಸೂರಿನ ಕೆಳಗೆ 3.5 ಚದರ ಮೀಟರು, ಎಮ್ಮೆಗೆ 4 ಚದರ ಮೀಟರು, ಸಣ್ಣ ಕರುವಿಗೆ 1 ಚದರ ಮೀಟರು ಜಾಗ ಬೇಕೆಂಬುದು ಒಪ್ಪಿತವಾದ ಅಳತೆ. ಬೆಳೆದ ಕುರಿಗೆ 1 ಚದರ ಮೀಟರು ಸಾಕು. ಎರಡು ಎತ್ತು, ಒಂದು ಎಮ್ಮೆ, ಒಂದು ಕರು ಇರುವ ಮನೆಗೆ 12 ಚದರ ಮೀಟರು, ಅಂದರೆ ಸುಮಾರು 130 ಚದರ ಅಡಿ ಆಗುತ್ತದೆ. 10 ಅಡಿ ಅಗಲ, 20 ಅಡಿ ಉದ್ದದ ಕೊಟ್ಟಿಗೆಯಲ್ಲಿ 13 ಅಡಿ ದನಗಳಿಗೆ ಬಿಟ್ಟರೆ ಉಳಿದ 7 ಅಡಿಯನ್ನು ಗೋಡೆ ಎತ್ತಿ ಸಾಮಾನಿನ ಕೋಣೆ ಮಾಡಿಕೊಳ್ಳಬಹುದು. ಗೋದಲಿಯಲ್ಲಿ ಒಂದೊಂದು ದನಕ್ಕೆ ಎರಡರಿಂದ ಎರಡೂವರೆ ಅಡಿ ಅಗಲ ಇರಬೇಕು. ಇಲ್ಲವಾದರೆ ಬಲವಾದ ದನ ಮೇಯುತ್ತದೆ, ಬಡದನ ನೋಡುತ್ತ ನಿಲ್ಲುತ್ತದೆ.

ಹೊಸದಾಗಿ ಕಟ್ಟುವವರು ಉದ್ದನೆಯ ಬದಿಯನ್ನು ಪೂರ್ವ ಪಶ್ಚಿಮವಾಗಿ ಇಟ್ಟುಕೊಳ್ಳುವುದು ಈ ಬಿಸಿಲು ಸೀಮೆಗೆ ಹಿತ. ಆಗ ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲು ಕಿರಿದಾದ ಗೋಡೆಗೆ ಮಾತ್ರ ಹೊಡೆಯುತ್ತದೆ. ಹಳೆಯ ಕೊಟ್ಟಿಗೆಯ ದಿಕ್ಕು ಬದಲಿಸಲಾಗದು. ಆದರೆ ಪಡುವಣ ಬದಿಗೆ ನೆರಳು ಒದಗಿಸಬಹುದು. ಆ ವಿಷಯ ಮುಂದೆ ಬರುತ್ತದೆ.

ನೆಲ ಒಣಗಿದ್ದರೆ ಅರ್ಧ ಗೆದ್ದಂತೆ

ಕೊಟ್ಟಿಗೆಯ ಕೆಲಸಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ನೆಲ. ಒದ್ದೆ ನೆಲದಲ್ಲಿ ನಿಂತ ದನಕ್ಕೆ ಗೊರಸು ಕೊಳೆಯುತ್ತದೆ, ಮಲಗಿದ ಎಮ್ಮೆಗೆ ಕೆಚ್ಚಲು ಬಾವು ಬರುತ್ತದೆ, ಕರುವಿಗೆ ಭೇದಿ ಹಿಡಿಯುತ್ತದೆ. ಕುರಿಗಂತೂ ಒದ್ದೆ ನೆಲವೇ ದೊಡ್ಡ ಶತ್ರು. ಬಳ್ಳಾರಿ ತಳಿಯ ಕುರಿ ಬಿಸಿಲನ್ನೂ ಬರವನ್ನೂ ತಡೆಯುತ್ತದೆ, ಕೆಸರನ್ನು ಮಾತ್ರ ತಡೆಯದು.

ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಯ ಎರೆಭೂಮಿಯ ಊರುಗಳಲ್ಲಿ ಕೊಟ್ಟಿಗೆಯ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಮೇಲಿನ ಒಂದು ಅಡಿ ಎರೆಮಣ್ಣನ್ನು ತೆಗೆದು, ಗರಸು (ಮೊರಂ) ತುಂಬಿ, ನೀರು ಹಾಕಿ ದಮ್ಮಸು ಮಾಡಬೇಕು. ಕೂಡ್ಲಿಗಿ, ಹರಪನಹಳ್ಳಿಯ ಕೆಂಪು ನೆಲದಲ್ಲಿ ಇಷ್ಟು ತೊಂದರೆ ಇಲ್ಲ. ಗುಣಿಗಳನ್ನು ಗರಸಿನಿಂದ ತುಂಬಿ ಗಟ್ಟಿ ಮಾಡಿದರೆ ಸಾಕು. ಅದರ ಮೇಲೆ ಒರಟು ಕಲ್ಲುಚಪ್ಪಡಿ ಹಾಸಿ ಸಂದುಗಳಿಗೆ ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಗಾರೆ ತುಂಬುವುದು ಈ ಸೀಮೆಗೆ ಹೇಳಿಮಾಡಿಸಿದ ವಿಧಾನ. ಕಲ್ಲು ಇಲ್ಲಿ ದುರ್ಲಭವಲ್ಲ. ಸಿಮೆಂಟು ಕಾಂಕ್ರೀಟು ಹಾಕುವವರು ಅದನ್ನು ನುಣುಪು ಮಾಡಬಾರದು. ಹಸಿ ಇರುವಾಗಲೇ ಪೊರಕೆ ಅಥವಾ ಹಗ್ಗದಿಂದ ಗೀರು ಮಾಡಬೇಕು. ನುಣುಪು ನೆಲದಲ್ಲಿ ಜಾರಿ ಬಿದ್ದ ಗಬ್ಬದ ಎಮ್ಮೆಯ ನಷ್ಟ ಇಡೀ ನೆಲದ ಖರ್ಚಿಗಿಂತ ಹೆಚ್ಚು.

ನೆಲಕ್ಕೆ ಇಳಿಜಾರು ಇರಲೇಬೇಕು. ಗೋದಲಿಯಿಂದ ಹಿಂದಕ್ಕೆ 40ರಿಂದ 60 ಅಡಿಗೆ ಒಂದು ಅಡಿಯ ಪ್ರಮಾಣ ಸರಿ. ಅಂದರೆ 10 ಅಡಿ ಅಗಲದ ಕೊಟ್ಟಿಗೆಯಲ್ಲಿ ಹಿಂಬದಿ ಎರಡರಿಂದ ಮೂರು ಅಂಗುಲ ತಗ್ಗಾಗಿರಬೇಕು. ಹಿಂಬದಿಯಲ್ಲಿ ಒಂದು ಅಡಿ ಅಗಲ, ಎರಡು ಮೂರು ಅಂಗುಲ ಆಳದ ಕಾಲುವೆ ಮಾಡಿ, ಅದು ಹೊರಗಿನ ಸಣ್ಣ ತೊಟ್ಟಿಗೆ ಅಥವಾ ಗೊಬ್ಬರದ ಗುಂಡಿಗೆ ಸೇರುವಂತೆ ಮಾಡಬೇಕು.

ಗಂಜಲದ ಲೆಕ್ಕ

ಗಂಜಲವನ್ನು ಕೊಳಕೆಂದು ಹರಿಯಬಿಡುವವರು ಈ ಲೆಕ್ಕವನ್ನು ಗಮನಿಸಬೇಕು. ಬೆಳೆದ ದನವೊಂದು ದಿನಕ್ಕೆ ಸುಮಾರು 8 ಲೀಟರು ಗಂಜಲ ಹಾಕುತ್ತದೆಂದು ಹಿಡಿಯೋಣ. ಗಂಜಲದಲ್ಲಿ ಸಾರಜನಕ ಶೇಕಡ 1ರಷ್ಟು ಇರುತ್ತದೆ. ಪೊಟ್ಯಾಷು ಅದಕ್ಕಿಂತ ಸ್ವಲ್ಪ ಹೆಚ್ಚೇ. ಮೂರು ದನಗಳಿಂದ ದಿನಕ್ಕೆ 24 ಲೀಟರು, ಅದರಲ್ಲಿ ಸಾರಜನಕ ಸುಮಾರು ಕಾಲು ಕಿಲೋ. ವರ್ಷಕ್ಕೆ 87 ಕಿಲೋ. ದನ ಕೊಟ್ಟಿಗೆಯಲ್ಲಿರುವುದು ದಿನದಲ್ಲಿ ಅರ್ಧ ಹೊತ್ತು ಎಂದರೂ 43 ಕಿಲೋ ಉಳಿಯಿತು. ಇದು 45 ಕಿಲೋ ತೂಕದ ಎರಡು ಚೀಲ ಯೂರಿಯಾದಲ್ಲಿರುವ ಸಾರಜನಕಕ್ಕೆ ಸಮ. ಗಾಳಿಗೆ ಹಾರಿ, ನೆಲಕ್ಕೆ ಇಂಗಿ ಅರ್ಧ ನಷ್ಟವಾದರೂ ಒಂದು ಚೀಲದಷ್ಟು ಕೈಗೆ ಸಿಕ್ಕೇ ಸಿಗುತ್ತದೆ.

ಇದನ್ನು ಹಿಡಿಯಲು ಸುಲಭವಾದ ದಾರಿ ಹಾಸು. ದನ ತಿಂದು ಉಳಿಸಿದ ಸೊಪ್ಪೆಯ ಚೂರು, ಶೇಂಗಾ ಸಿಪ್ಪೆ, ಪುಡಿಮಾಡಿದ ಮೆಕ್ಕೆಜೋಳದ ದಿಂಡು, ಒಣ ಎಲೆ ಇವನ್ನು ದನಕ್ಕೆ ಎರಡು ಮೂರು ಕಿಲೋದಂತೆ ರಾತ್ರಿ ಹಾಸಬೇಕು. ಬೆಳಿಗ್ಗೆ ಗಂಜಲ ಹೀರಿದ ಹಾಸನ್ನು ಸಗಣಿಯೊಡನೆ ಗುಂಡಿಗೆ ಹಾಕಬೇಕು. ಹೊಲದಲ್ಲಿ ಸುಟ್ಟುಹಾಕುವ ಕಸವೇ ಇಲ್ಲಿ ಗೊಬ್ಬರವಾಗುತ್ತದೆ, ದನವೂ ಒಣ ನೆಲದಲ್ಲಿ ಮಲಗುತ್ತದೆ.

ಗೋಡೆಯ ಬಿರುಕು ಮತ್ತು ಉಣ್ಣಿ

ಕೊಟ್ಟಿಗೆಯ ಗೋಡೆಯಲ್ಲಿ ಬಿರುಕು ಇದ್ದರೆ ದನದ ಮೈಮೇಲಿನ ಉಣ್ಣಿ ಎಂದಿಗೂ ತೀರದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ದನದ ಮೈಯಿಂದ ಉದುರಿ, ಗೋಡೆಯ ಸಂದಿಯಲ್ಲೋ ಗೋದಲಿಯ ಕೆಳಗೋ ಸೇರಿ, ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗಳು ಊಟವಿಲ್ಲದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದಿದ್ದು ಮತ್ತೆ ದನದ ಮೈ ಏರುತ್ತವೆ. ದನದ ಮೈಗೆ ಮಾತ್ರ ಔಷಧಿ ಹಚ್ಚಿ ಗೋಡೆಯನ್ನು ಹಾಗೆಯೇ ಬಿಟ್ಟವರಿಗೆ ಮೂರು ವಾರದಲ್ಲಿ ಮೊದಲಿನ ಸ್ಥಿತಿಯೇ ಬರುವುದು ಇದರಿಂದ. ಥೈಲೇರಿಯಾ, ಬೆಬೇಸಿಯಾ ಮುಂತಾದ ಜ್ವರಗಳನ್ನು ಹರಡುವುದೂ ಉಣ್ಣಿಯೇ. ಮಿಶ್ರತಳಿ ಹಸುಗಳು ಈ ಜ್ವರಗಳಿಗೆ ಬೇಗ ಬಲಿಯಾಗುತ್ತವೆ.

ಬಿರುಕುಗಳನ್ನು ತಂತಿಯ ಬ್ರಷ್ಷಿನಿಂದ ಅಥವಾ ಕುಡುಗೋಲಿನ ತುದಿಯಿಂದ ಕೆರೆದು, ಕಲ್ಲು ಗೋಡೆಯಾದರೆ ಸಿಮೆಂಟು ಗಾರೆಯಿಂದ, ಮಣ್ಣು ಗೋಡೆಯಾದರೆ ಹೊಟ್ಟು, ಸಗಣಿ ಸೇರಿಸಿ ಎರಡು ದಿನ ಕೊಳೆಸಿದ ಮಣ್ಣಿನಿಂದ ತುಂಬಬೇಕು. ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಗೋಡೆಯನ್ನು ಗಾರೆಯಿಂದ ಸಪಾಟು ಮಾಡಿದರೆ ತೊಳೆಯಲು ಸುಲಭ. ಕೆರೆದು ತೆಗೆದ ಕಸವನ್ನು ತಿಪ್ಪೆಗೆ ಹಾಕದೆ, ಬಣವೆಯಿಂದ ದೂರ ಒಯ್ದು ಸುಡಬೇಕು.

ಔಷಧಿ ಸಿಂಪಡಿಸುವುದಿದ್ದರೆ ಪಶುವೈದ್ಯರು ಹೇಳಿದ ಔಷಧಿಯನ್ನು, ಹೇಳಿದ ಪ್ರಮಾಣದಲ್ಲಿ, ದನಕ್ಕೂ ಕೊಟ್ಟಿಗೆಗೂ ಒಂದೇ ದಿನ ಬಳಸಬೇಕು. ಸಿಂಪಡಿಸುವಾಗ ಮೇವು, ನೀರು ಒಳಗೆ ಇರಕೂಡದು. ಹತ್ತಿ, ತೊಗರಿಗೆ ತಂದು ಉಳಿದ ಔಷಧಿಯನ್ನು ದನದ ಮೈಗೆ ಹಚ್ಚುವುದು ಅಪಾಯ. ಹಾಗೆ ಹಚ್ಚಿ ದನ ಕಳೆದುಕೊಂಡ ಮೇಲೆ ಕೊರಗಿದರೆ, ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತಾಗುತ್ತದೆ.

ಸುಣ್ಣ ಬಳಿಯುವುದು

ಬಿರುಕು ತುಂಬಿ ಒಣಗಿದ ಮೇಲೆ ಸುಣ್ಣ. ಸುಣ್ಣ ಗೋಡೆಯನ್ನು ಬೆಳ್ಳಗೆ ಮಾಡುವುದಲ್ಲದೆ ಸೋಂಕನ್ನು ಕಡಿಮೆ ಮಾಡುತ್ತದೆ, ಸಣ್ಣ ಸಂದುಗಳನ್ನು ಮುಚ್ಚುತ್ತದೆ, ಕತ್ತಲ ಕೊಟ್ಟಿಗೆಗೆ ಬೆಳಕು ತರುತ್ತದೆ. ಬಿಳಿ ಗೋಡೆಯ ಮೇಲೆ ಉಣ್ಣಿ, ಚೇಳು ಹರಿದಾಡಿದರೆ ಕಣ್ಣಿಗೆ ಕಾಣುತ್ತದೆ. ಉಣ್ಣಿಯನ್ನು ಸುಣ್ಣವೊಂದೇ ಪೂರ್ತಿ ನಿವಾರಿಸುವುದಿಲ್ಲವೆಂಬುದೂ ನೆನಪಿರಬೇಕು.

ಒಂದು ಕಿಲೋ ಸುಡುಸುಣ್ಣಕ್ಕೆ ಸುಮಾರು 5 ಲೀಟರು ನೀರು ಬೇಕು. ಹಂಡೆ ಅಥವಾ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಸುಣ್ಣ ಕುದಿಯುವಾಗ ಮುಖ ಬಗ್ಗಿಸಿ ನೋಡಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಸುಣ್ಣ ಹಾರಿದರೆ ತಕ್ಷಣ ಧಾರಾಳ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಒಂದು ರಾತ್ರಿ, ಒಂದು ಹಗಲು ನೆನೆದ ಸುಣ್ಣವನ್ನು ಗೋಣಿಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಸೇರಿಸಿ, ಗೋಡೆಗೆ ಎರಡು ಸಲ ಬಳಿಯಬೇಕು. ಮೊದಲ ಬಳಿತ ಒಣಗಿದ ಮೇಲೆ ಎರಡನೆಯದು. ಪೂರ್ತಿ ಒಣಗುವವರೆಗೆ ದನ ಕಟ್ಟಬಾರದು. ವರ್ಷಕ್ಕೆ ಎರಡು ಸಲ, ಉಗಾದಿಗೆ ಮತ್ತು ದೀಪಾವಳಿಗೆ, ಸುಣ್ಣ ಬಳಿಯುವುದು ಉತ್ತಮ. ನೀರಿನ ತೊಟ್ಟಿಯ ಒಳಬದಿಗೂ ಆಗಾಗ್ಗೆ ಸುಣ್ಣ ಹಚ್ಚಿ ಒಣಗಿಸಿದರೆ ಪಾಚಿ ಕಟ್ಟುವುದಿಲ್ಲ.

ಚಾವಣಿ

ತಗಡಿನ ಸೂರು ಈಗ ಎಲ್ಲೆಡೆ ಬಂದಿದೆ. ಮಳೆಗೆ ಅನುಕೂಲ, ಬೇಸಿಗೆಗೆ ಒಲೆ. ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗ್ಗಾದ ತಗಡಿನ ಕೆಳಗೆ ಕಟ್ಟಿದ ಎಮ್ಮೆ ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ತಗಡಿನ ಮೇಲ್ಮೈಗೆ ಬಿಳಿ ಬಣ್ಣ ಬಳಿದರೆ ಒಳಗಿನ ಸೆಕೆ ಸಾಕಷ್ಟು ತಗ್ಗುತ್ತದೆ. ಬೇಸಿಗೆಯಲ್ಲಿ ಬೇವಿನ ಸೊಪ್ಪನ್ನೋ ಸೋಗೆಯನ್ನೋ ಮೇಲೆ ಹೊದಿಸುವವರು ಒಲೆ, ವಿದ್ಯುತ್ ತಂತಿ ಹತ್ತಿರ ಇಲ್ಲದಂತೆ ನೋಡಿಕೊಳ್ಳಬೇಕು. ತಗ್ಗಿನ ಬದಿಯಲ್ಲಿಯೂ ಸೂರು ಎಂಟು ಅಡಿಗಿಂತ ಕಡಿಮೆ ಇರಬಾರದು. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಗ ಬಿಡಬೇಕು.

ತಗಡು ಹಾರದಂತೆ ಮೇಲೆ ಕಲ್ಲು ಹೇರುವುದು ಹಳ್ಳಿಗಳಲ್ಲಿ ವಾಡಿಕೆ. ಬಿರುಗಾಳಿಯಲ್ಲಿ ತಗಡಿನೊಡನೆ ಆ ಕಲ್ಲೂ ಕೆಳಗಿನ ದನದ ಮೇಲೋ ಮನುಷ್ಯರ ಮೇಲೋ ಬೀಳುತ್ತದೆ. ಕಲ್ಲಿನ ಬದಲು ಕೊಕ್ಕೆಯ ಬೋಲ್ಟಿನಿಂದ ತೊಲೆಗೆ ಬಿಗಿಯುವುದೇ ಸರಿಯಾದ ಕ್ರಮ. ಬೋಲ್ಟನ್ನು ತಗಡಿನ ದಿಣ್ಣೆಯ ಮೇಲೆ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ನೀರು ಸೋರುತ್ತದೆ. ಹಳೆಯ ಆಸ್ಬೆಸ್ಟಾಸ್ ಹಲಗೆಗಳನ್ನು ಗರಗಸದಿಂದ ಕೊಯ್ಯುವುದು, ಒಡೆದು ಪುಡಿಮಾಡುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳಿದರೆ ಗೆದ್ದಲು ಹತ್ತುತ್ತದೆ. ಕಲ್ಲಿನ ಮೇಲೆ ನಿಲ್ಲಿಸುವುದು, ಬುಡಕ್ಕೆ ಡಾಂಬರು ಹಚ್ಚುವುದು ಒಳ್ಳೆಯದು. ಕಲ್ಲುಕಂಬ ಸಿಕ್ಕುವ ಕಡೆ ಅದಕ್ಕಿಂತ ಮಿಗಿಲಾದುದಿಲ್ಲ.

ಸೂರಿನ ನೀರನ್ನೂ ಬಿಡಬಾರದು. ಒಂದು ಚದರ ಮೀಟರು ಸೂರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 10 ಅಡಿಗೆ 20 ಅಡಿ ಸೂರಿನ ಮೇಲೆ ವರ್ಷದಲ್ಲಿ ಸುಮಾರು 11,000 ಲೀಟರು ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಹಿಡಿದರೂ 9,000 ಲೀಟರಿಗೆ ಹತ್ತಿರ. ತಗಡಿನ ಅಂಚಿಗೆ ದೋಣಿ ಕಟ್ಟಿ ತೊಟ್ಟಿಗೆ ಇಳಿಸಿದರೆ ತೊಳೆಯಲು, ದನ ಕುಡಿಯಲು ಆಗುತ್ತದೆ. ಕೂಡ್ಲಿಗಿ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚಿರುವುದರಿಂದ ಈ ನೀರಿನ ಬೆಲೆ ಇನ್ನೂ ಹೆಚ್ಚು. ಮೊದಲ ಮಳೆಯ ಕೊಳೆನೀರನ್ನು ಮಾತ್ರ ಹೊರಗೆ ಬಿಡಬೇಕು.

ಬೀಜ, ಮೇವು, ವಿಷ: ಮೂರಕ್ಕೂ ಬೇರೆ ಜಾಗ

ಸಾಮಾನಿನ ಕೋಣೆಯ ಮೊದಲ ನಿಯಮ ಇದು. ತಿನ್ನುವುದು ಮತ್ತು ಕೊಲ್ಲುವುದು ಒಂದೇ ಮೂಲೆಯಲ್ಲಿ ಇರಕೂಡದು. ಕೀಟನಾಶಕ, ಕಳೆನಾಶಕಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಮೂಲ ಡಬ್ಬಿಯಲ್ಲಿಯೇ ಇಡಬೇಕು. ಔಷಧಿಯನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಬಗ್ಗಿಸಿಟ್ಟುದರಿಂದ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡಿವೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಡಬ್ಬಿಗೆ ತೂತು ಮಾಡಿಡಬೇಕು. ಅದು ಮತ್ತೆ ಎಣ್ಣೆಗೋ ಹಾಲಿಗೋ ಬಳಕೆಯಾಗಬಾರದು.

ಯೂರಿಯಾ ಚೀಲ ದನದ ಬಾಯಿಗೆ ಸಿಕ್ಕುವಂತೆ ಇದ್ದರೆ ದನ ಅದನ್ನು ನೆಕ್ಕಿ, ಹೊಟ್ಟೆ ಉಬ್ಬರಿಸಿ, ನಡುಗಿ, ಕೆಲವೇ ಗಂಟೆಗಳಲ್ಲಿ ಸಾಯುವುದುಂಟು. ಯೂರಿಯಾ ಕರಗಿಸಿದ ನೀರಿನ ಬಕೆಟ್ಟೂ ಅಷ್ಟೇ ಅಪಾಯ. ಬಣ್ಣ ಹಚ್ಚಿದ ಬಿತ್ತನೆ ಬೀಜ ಉಳಿದರೆ ಅದನ್ನು ಕೋಳಿಗಾಗಲಿ ಕುರಿಗಾಗಲಿ ಹಾಕಬಾರದು. ಕಾಳಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಅನಿಲ ಜನರಿಗೂ ದನಕ್ಕೂ ಮಾರಕ. ಜನ, ದನ ಮಲಗುವ ಸೂರಿನ ಕೆಳಗೆ ಅದನ್ನು ಬಳಸಲೇಕೂಡದು.

ಬೀಜದ ಶೇಂಗಾವನ್ನು ಅಲುಗಿಸಿದರೆ ಒಳಗೆ ಕಾಳು ಸದ್ದು ಮಾಡುವಷ್ಟು, ಅಂದರೆ ತೇವಾಂಶ ಶೇಕಡ 8ಕ್ಕೆ ಬರುವಷ್ಟು ಒಣಗಿಸಿ ತುಂಬಬೇಕು. ಚೀಲಗಳು ನೆಲಕ್ಕೂ ಗೋಡೆಗೂ ತಾಗಬಾರದು. ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಬೇಕು. ತೇವ ಹಿಡಿದು ಬೂಷ್ಟು ಬಂದ ಶೇಂಗಾ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಮನುಷ್ಯರಿಗೆ ಬೇಡವೆಂದು ಅದನ್ನು ಎಮ್ಮೆಗೆ ಹಾಕಿದರೆ ವಿಷ ಹಾಲಿನ ಮೂಲಕ ಮತ್ತೆ ಮನೆಯೊಳಗೇ ಬರುತ್ತದೆ. ಈರುಳ್ಳಿಯನ್ನು ದನದ ಕೊಟ್ಟಿಗೆಯಲ್ಲಿ ಸುರಿಯುವುದು ತರವಲ್ಲ. ಅದಕ್ಕೆ ನೆಲದಿಂದ ಎರಡು ಅಡಿ ಎತ್ತರದ, ನಾಲ್ಕೂ ಕಡೆ ಗಾಳಿಯಾಡುವ ಬೇರೆ ಅಟ್ಟಣೆ ಬೇಕು.

ಬಾಗಿಲ ಕೆಳಗಿನ ಸಂದು ಅರ್ಧ ಅಂಗುಲಕ್ಕಿಂತ ಕಡಿಮೆ ಇರುವಂತೆ ತಗಡಿನ ಪಟ್ಟಿ ಹೊಡೆದರೆ ಇಲಿ, ಹೆಗ್ಗಣ ಬರುವುದು ಕಡಿಮೆಯಾಗುತ್ತದೆ. ಬಿಲಗಳಿಗೆ ಒಡೆದ ಗಾಜು ಮತ್ತು ಸಿಮೆಂಟು ತುಂಬಬೇಕು. ಕುಂಟೆ, ಕೂರಿಗೆ, ನೊಗಗಳನ್ನು ಗೋಡೆಗೆ ಗೂಟ ಹೊಡೆದು ತೂಗುಹಾಕಬೇಕು. ಕಬ್ಬಿಣದ ಭಾಗಗಳಿಗೆ ಎಣ್ಣೆ ಸವರಿಟ್ಟರೆ ರೋಹಿಣಿ ಮಳೆ ಬಿದ್ದ ದಿನ ಕಮ್ಮಾರನ ಮನೆಗೆ ಓಡುವ ಪ್ರಮೇಯ ಬಾರದು. ವಿದ್ಯುತ್ ದೀಪ ಅವಶ್ಯಕ. ಆದರೆ ಜೋತಾಡುವ, ಸಿಪ್ಪೆ ಸುಲಿದ ತಂತಿಯಿಂದ ತಗಡಿಗೆ ಕರೆಂಟು ಹರಿದು ದನ, ಜನ ಇಬ್ಬರೂ ಸಾಯುವರು. ತಂತಿಯನ್ನು ಕೊಳವೆಯೊಳಗೆ ಹಾಯಿಸಿ, ಭೂಸಂಪರ್ಕವನ್ನು ಬಲ್ಲವರಿಂದ ಮಾಡಿಸಬೇಕು.

ಹೊರಗಿನ ಕೆಲಸ

ಹೊರಗಿನ ಅಂದ ಮೊದಲಾಗುವುದು ಚರಂಡಿಯಿಂದ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಸುತ್ತಲೂ ಸಣ್ಣ ಕಾಲುವೆ ತೆಗೆಯಬೇಕು. ಎರಡನೆಯದು ತಿಪ್ಪೆ. ಬಾಗಿಲ ಮುಂದೆ ರಾಶಿ ಹಾಕುವ ಬದಲು, ಬಾವಿಯಿಂದ ಮತ್ತು ಮನೆಯಿಂದ ದೂರದಲ್ಲಿ 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಯಬೇಕು. ಒಂದು ತುದಿಯಿಂದ ತುಂಬುತ್ತ ಬಂದು, ನೆಲಮಟ್ಟದ ಮೇಲೆ ಒಂದೂವರೆ ಎರಡು ಅಡಿ ಏರಿದಾಗ ಗುಮ್ಮಟದಂತೆ ಮಾಡಿ, ಸಗಣಿ ಮಣ್ಣಿನಿಂದ ಮೆತ್ತಬೇಕು. ನಾಲ್ಕೈದು ತಿಂಗಳಲ್ಲಿ ಕಳಿತ ಗೊಬ್ಬರ ದೊರೆಯುತ್ತದೆ. ನೊಣ ಮೊಟ್ಟೆಯಿಂದ ರೆಕ್ಕೆ ಬಂದು ಹಾರಲು ಬೇಸಿಗೆಯಲ್ಲಿ ಎಂಟು ಹತ್ತು ದಿನ ಸಾಕು. ಸಗಣಿಯನ್ನು ದಿನವೂ ತೆಗೆದು ಮುಚ್ಚಿದರೆ ಈ ಸರಪಳಿ ತುಂಡಾಗುತ್ತದೆ. 2022ರಲ್ಲಿ ಕರ್ನಾಟಕದಲ್ಲಿ ಚರ್ಮಗಂಟು ರೋಗ ಹರಡಿದಾಗ ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳ ಪಾತ್ರ ಎಷ್ಟೆಂಬುದು ದನ ಕಳೆದುಕೊಂಡ ಮನೆಗಳಿಗೆ ಮನದಟ್ಟಾಗಿದೆ. ಲಸಿಕೆ ಹಾಕಿಸುವುದರ ಜೊತೆಗೆ ಕೊಟ್ಟಿಗೆಯ ಶುಚಿತ್ವವೂ ಬೇಕು.

ಬಣವೆಯನ್ನು ಕೊಟ್ಟಿಗೆಗೆ ತಾಗಿಸಿ ಒಟ್ಟಬಾರದು. ಕಿಡಿಯೊಂದು ಬಿದ್ದರೆ ಮೇವೂ ದನವೂ ಒಟ್ಟಿಗೆ ಹೋಗುತ್ತವೆ. ಕನಿಷ್ಠ 50 ಅಡಿ ಅಂತರವಿರಲಿ. ಹಿತ್ತಲು ಚಿಕ್ಕದಿದ್ದವರು ಕಣದಲ್ಲಿಯೇ ಬಣವೆ ಒಟ್ಟಿ ವಾರಕ್ಕೆ ಸಾಲುವಷ್ಟು ಸೊಪ್ಪೆ ತರುವುದು ಕ್ಷೇಮ.

ಪಡುವಣ ಬದಿಗೆ ಬೇವು ಅಥವಾ ಹೊಂಗೆ ನೆಟ್ಟರೆ ಕೆಲವೇ ವರ್ಷಗಳಲ್ಲಿ ಗೋಡೆಗೆ ನೆರಳು ಬರುತ್ತದೆ. ಅಷ್ಟರವರೆಗೆ ಹೀರೆ, ಅವರೆ ಬಳ್ಳಿ ಹಬ್ಬಿಸಬಹುದು. ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ನುಗ್ಗೆ, ಕರಿಬೇವು, ಪಪ್ಪಾಯಿ ಚೆನ್ನಾಗಿ ಬೆಳೆಯುತ್ತವೆ. ಹೂವಿನಹಡಗಲಿಯ ಮಲ್ಲಿಗೆ ನಾಡಿಗೇ ಹೆಸರಾದುದು. ಬಿಸಿಲು ಬೀಳುವ ಮೂಲೆಯಲ್ಲಿ ಅದರ ನಾಲ್ಕು ಗಿಡ ನೆಟ್ಟರೆ ಮನೆಯ ಪೂಜೆಗೂ ಮುಡಿಗೂ ಹೂವಾಯಿತು, ಹಿತ್ತಲಿಗೂ ಕಳೆ ಬಂತು.

ಕಸ ಬಳಿಯುವವರ ಮಾತು ಕೇಳಬೇಕು

ಕೊಟ್ಟಿಗೆ ಕಟ್ಟಿಸುವವರು ಗಂಡಸರು. ದಿನವೂ ಎರಡು ಹೊತ್ತು ಬಾಗಿ ಕಸ ಬಳಿಯುವವರು, ಸಗಣಿ ಪುಟ್ಟಿ ತಲೆಯ ಮೇಲೆ ಹೊರುವವರು, ಹಾಲು ಕರೆಯುವವರು ಬಹುಪಾಲು ಹೆಂಗಸರು. ಆದರೂ ಬಾಗಿಲು ಎಲ್ಲಿರಬೇಕು, ನೀರಿನ ತೊಟ್ಟಿ ಎಲ್ಲಿರಬೇಕು, ಗುಂಡಿ ಎಷ್ಟು ದೂರವಿರಬೇಕು ಎಂದು ಅವರನ್ನು ಕೇಳುವ ಮನೆ ಕಡಿಮೆ. ಪುಟ್ಟಿ ಹೊತ್ತು ತಲೆ ತಗ್ಗಿಸದೆ ದಾಟುವಷ್ಟು ಎತ್ತರದ ಬಾಗಿಲು, ಒಳಗೇ ಒಂದು ನಲ್ಲಿ, ಸಗಣಿ ಸಾಗಿಸಲು ಒಂದು ಕೈಗಾಡಿ, ಗುಂಡಿಯವರೆಗೆ ಕೆಸರಿಲ್ಲದ ದಾರಿ, ಮುಂಜಾನೆ ಹಾಲು ಕರೆಯುವಾಗ ಒಂದು ದೀಪ. ಇವು ದೊಡ್ಡ ಖರ್ಚಿನವಲ್ಲ. ವರ್ಷಕ್ಕೆ 365 ದಿನವೂ ಸೊಂಟದ ನೋವನ್ನು ಉಳಿಸುವಂಥವು. ಕೆಲಸದ ನಕ್ಷೆ ಹಾಕುವ ಮೊದಲು ಮನೆಯ ಹೆಣ್ಣುಮಕ್ಕಳೊಡನೆ ಒಂದು ಗಂಟೆ ಕುಳಿತು ಮಾತಾಡುವ ರೈತನ ಕೊಟ್ಟಿಗೆ ಬಹುಕಾಲ ಹಸನಾಗಿ ಉಳಿಯುತ್ತದೆ. ಏಕೆಂದರೆ ಅದನ್ನು ಹಸನಾಗಿ ಇಡುವುದು ಅವರಿಗೆ ಸುಲಭವಾಗಿರುತ್ತದೆ.

ಖರ್ಚಿನ ಸರದಿ

ಎಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಿ ಸಾಲಕ್ಕೆ ಬೀಳಬೇಕಿಲ್ಲ. ಮೊದಲ ವರ್ಷ ಕಾಸು ಬೇಡದ ಕೆಲಸಗಳು: ಬರಿದು ಮಾಡುವುದು, ಬಿರುಕು ತುಂಬುವುದು, ಚರಂಡಿ ಮತ್ತು ಗೊಬ್ಬರದ ಗುಂಡಿ ತೆಗೆಯುವುದು, ವಿಷಕ್ಕೆ ಬೀಗ ಹಾಕುವುದು, ಸುಣ್ಣ. ಎರಡನೆಯ ವರ್ಷ ನೆಲ ಮತ್ತು ಗಂಜಲದ ಕಾಲುವೆ. ಮೂರನೆಯ ವರ್ಷ ಚಾವಣಿ ಮತ್ತು ಮಳೆನೀರಿನ ತೊಟ್ಟಿ. ಆದರೆ ತಗಡು ಸಡಿಲಾಗಿದ್ದರೆ, ವಿದ್ಯುತ್ ತಂತಿ ಕೆಟ್ಟಿದ್ದರೆ ಇವೆರಡು ಮಾತ್ರ ಮೊದಲ ದಿನವೇ ಆಗಬೇಕು. ಹೊಸ ಕೊಟ್ಟಿಗೆ ಕಟ್ಟುವವರು ಸರ್ಕಾರದ ನೆರವು ಏನು ದೊರೆಯುವುದೆಂದು ಗ್ರಾಮ ಪಂಚಾಯಿತಿ, ಪಶು ಆಸ್ಪತ್ರೆ ಮತ್ತು ರೈತ ಸಂಪರ್ಕ ಕೇಂದ್ರಗಳಲ್ಲಿ ಕೆಲಸ ಆರಂಭಿಸುವ ಮೊದಲೇ ವಿಚಾರಿಸಬೇಕು. ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಾಗದು.

ಟ್ರ್ಯಾಕ್ಟರು ಬಂದ ಮೇಲೆ ಎತ್ತು ಮಾರಿ ಕೊಟ್ಟಿಗೆ ಖಾಲಿ ಬಿಟ್ಟವರೂ ಇದ್ದಾರೆ. ಅಂಥವರ 130 ಚದರ ಅಡಿ ಜಾಗದಲ್ಲಿ ಹನ್ನೆರಡು ಕುರಿಗಳನ್ನು ಸಾಕಬಹುದು. ಗುಜರಿಗೆ ಕೊಟ್ಟ ಜಾಗ ಏನನ್ನೂ ದುಡಿಯುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ಊರಿಗೊಂದು ಕೊಟ್ಟಿಗೆಯನ್ನಾದರೂ ಈ ರೀತಿ ಮಾಡಿಸಿ ಉಳಿದವರಿಗೆ ತೋರಿಸಲಿ. ಹತ್ತು ಭಾಷಣಕ್ಕಿಂತ ಒಂದು ಒಣ ನೆಲ ಹೆಚ್ಚು ಹೇಳುತ್ತದೆ. ರೈತ ಬಾಂಧವರು ಈ ಬೇಸಿಗೆಯಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು ಕೊಟ್ಟಿಗೆಯ ಬಾಗಿಲು ತೆರೆದು ಸಾಮಾನು ಹೊರಗೆ ಹಾಕಲಿ. ಉಳಿದ ಕೆಲಸ ಒಂದರ ಹಿಂದೆ ಒಂದಾಗಿ ತಾನಾಗಿಯೇ ತೋರುತ್ತದೆ.